ಷರಾ

ಕೈಲ್‌ಪೊಳ್ದ್ ಕಳೆದು ಐದನೇ ದಿನ.
ಮಡಿಕೇರಿಯ ಶಸ್ತ್ರಾಗಾರದೊಳಗೆ ನಾನು, ಒಂದು ಬಲ್ಬು,
ಇನ್ನೂರ ಹನ್ನೊಂದು ತ್ರೀ ನಾಟ್ ತ್ರೀ.
ಮೇಲಿನಿಂದ ಆದೇಶ:
ಎಣಿಸಿ, ನಂಬರು ಬರೆದು, ಬೋಲ್ಟು ಬೇರೆ ಕಟ್ಟಿ
ಕುಲುಮೆಗೆ ಕಳಿಸತಕ್ಕದ್ದು.
ಯಾರೋ ಒಂದರ ಬಾಯಿಗೆ ಸಿಕ್ಕಿಸಿದ್ದ ತೋಕ್ ಪೂ
ಬಾಡಿ, ಕೆಂಪು ಬಿಟ್ಟು, ಚಹಾದ ಬಣ್ಣಕ್ಕೆ ಇಳಿದಿದೆ.
ಅದನ್ನು ಪಟ್ಟಿಯಲ್ಲಿ ಬರೆಯಲಿಲ್ಲ.

ಹೊಸದರ ಮೇಲೆ ನನಗೆ ಹಗೆಯಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಹಗುರ. ಒಂದೇ ಉಸಿರಿಗೆ ಮೂರು ಗುಂಡು.
ಹೆಗಲಿಗೆ ಒದೆಯುವುದಿಲ್ಲ.
ಕೆಟ್ಟರೆ ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದರಾಯಿತು,
ಯಾವುದರದ್ದೂ ಯಾವುದಕ್ಕೂ ಕೂರುತ್ತದೆ.
ನಾಳೆ ಯಾರಾದರೂ ನನ್ನ ಮೇಲೆ ಗುಂಡು ಹಾರಿಸಿದರೆ
ನಾನೂ ಅದನ್ನೇ ಎತ್ತಿಕೊಳ್ಳುವವನು.

ಆದರೆ ನಮ್ಮದು ಐರಿಗಳ ಮನೆ.
ನಾಪೋಕ್ಲಿನಲ್ಲಿ ಅಪ್ಪ ಊರವರ ಕೋವಿಗಳಿಗೆ ಮರ ಕೂರಿಸುತ್ತಿದ್ದ.
ಉಳಿ ಇಡುವ ಮುಂಚೆ ತುಂಡನ್ನು ಕಿವಿಗೆ ಹಿಡಿದು ತಟ್ಟುತ್ತಿದ್ದ,
ಸಂತೆಯಲ್ಲಿ ಹಲಸು ಕೊಳ್ಳುವವರ ಹಾಗೆ.
'ಕಬ್ಬಿಣಕ್ಕೆ ಸಿಟ್ಟು ಮಾತ್ರ ಗೊತ್ತು,
ಅದನ್ನ ತಡಕೊಳ್ಳೋದು ಮರ' ಎನ್ನುತ್ತಿದ್ದ.
ಅರ್ಥವಾದದ್ದು ತರಬೇತಿಯ ಮೊದಲ ವಾರ,
ನನ್ನ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದಾಗ.

ಎಂಬತ್ತು ವರ್ಷದ ಹಿಂದೆ ಕಡಿದ ಮರ.
ಬೇರಿಲ್ಲ, ಎಲೆಯಿಲ್ಲ,
ಆದರೂ ಕಕ್ಕಡ ತಿಂಗಳು ಬಂದದ್ದು ಅದಕ್ಕೆ ಗೊತ್ತಾಗುತ್ತದೆ.
ಉಬ್ಬಿ, ನಳಿಗೆಯನ್ನು ಮೆಲ್ಲಗೆ ಒತ್ತರಿಸಿ,
ಗುರಿಯನ್ನು ಎರಡು ಬೆರಳು ಎಡಕ್ಕೆ ಸರಿಸುತ್ತದೆ.
ಸಾಹೇಬರು ಅದನ್ನು ದೋಷವೆಂದು ಬರೆದರು.
ದೋಷವೇ.
ಅಗಸೆ ಎಣ್ಣೆ ಹಚ್ಚಿ ಅಂಗೈಯಿಂದ ಉಜ್ಜುತ್ತ
ಇಪ್ಪತ್ತಾರು ವರ್ಷ ಆ ದೋಷವನ್ನು ಸಾಕಿದವನು ನಾನು.

ಹನ್ನೊಂದು ಗಂಟೆಗೆ ಕೊಡೆ ಮಡಚುತ್ತ ಬಂದರು
ಕೊಂಡಂಗೇರಿಯ ಮೊಯ್ದು, ನಿವೃತ್ತ ಹೆಡ್ ಕಾನ್‌ಸ್ಟೇಬಲ್.
'ಏಳು ಏಳು ಒಂದು ನಾಲ್ಕು ಇದೆಯಾ ಇನ್ನೂ?'
ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳುವ ದನಿ.
ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ.
ಬಿಟ್ಟೆ.
ಅವರು ನಂಬರು ನೋಡಲಿಲ್ಲ. ಸಾಲಿನುದ್ದ ಹೆಬ್ಬೆರಳು ಎಳೆಯುತ್ತ ಹೋಗಿ
ಒಂದು ತಗ್ಗಿನಲ್ಲಿ ನಿಂತರು:
ಸಂಪಾಜೆ ಘಾಟಿಯಲ್ಲಿ ಜೀಪಿನ ಬಾಗಿಲು ಕಚ್ಚಿದ ಗುರುತು.
ಎತ್ತಿ ಹೆಗಲಿಗಿಟ್ಟರು.
ಕೆನ್ನೆ ತಾನೇ ಹೋಗಿ ಮರದ ಮೇಲೆ ಒರಗಿತು,
ಅಲ್ಲಿ ಮೂವತ್ತು ವರ್ಷದ ಗಡ್ಡ ಉಜ್ಜಿದ ನುಣುಪು.

'ಮನುಷ್ಯರ ಮೇಲೆ ಹಾರಿಸಿದ್ದುಂಟಾ?' ಕೇಳಿದೆ.
'ಇಲ್ಲಪ್ಪ. ಸತ್ತವರಿಗೇ ಹಾರಿಸಿದ್ದು,
ಆಕಾಶಕ್ಕೆ, ಮೂರು ಮೂರು ಸಲ.'

ಬಟ್ಟಿನ ಹಿತ್ತಾಳೆ ಬಾಗಿಲನ್ನು ಅವರೇ ಉಗುರಲ್ಲಿ ಮೀಟಿದರು.
ಎಣ್ಣೆ ಬಾಟಲಿ. ಹಗ್ಗ. ಅದರ ಹಿಂದೆ,
ನನ್ನ ಇಷ್ಟು ವರ್ಷದ ತಪಾಸಣೆಗೂ ಸಿಗದೆ,
ಕಾಗದದಲ್ಲಿ ಸುತ್ತಿದ ಮೂರು ಕಿತ್ತಳೆ ಬೀಜ.
ನನಗೆ ನಾಚಿಕೆಯಾಯಿತು. ಅವರು ನಕ್ಕರು.
'ಸಿದ್ದಾಪುರದ ಬೂತು, ಎಲೆಕ್ಷನ್ ಡ್ಯೂಟಿ.
ರಾತ್ರಿ ತಿಂದದ್ದು. ಮನೆ ಹಿಂದೆ ಹಾಕೋಣಾಂತ ಇಟ್ಟೆ,
ಮರೆತೆ. ಈಗ ಆ ಸಿಹಿಯ ಹಣ್ಣು ಎಲ್ಲುಂಟು?'
ಬೀಜಗಳು ಒಣಗಿ ಖಾಲಿ ತೋಟೆಯಷ್ಟು ಹಗುರ.
ಮೊಳೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತು.
ಜೇಬಿಗೆ ಹಾಕಿಕೊಂಡರು.
ಷರಾ ಕಾಲಂನಲ್ಲಿ ನಾನು ಒಂದು ಗೆರೆ ಎಳೆದೆ.

ಹೊರಡುವಾಗ, ಗೋಡೆಗೆ ಒರಗಿದ ಹೊಸ ಕಪ್ಪು ಸಾಲಿನ ಮುಂದೆ
ತುಸು ಹೊತ್ತು ನಿಂತರು. ಒಂದನ್ನು ಬೆರಳಲ್ಲಿ ತಟ್ಟಿದರು.
'ಮಳೆಗಾಲದಲ್ಲಿ ಇವಕ್ಕೆ ಏನಾಗುತ್ತೆ?'
'ಏನೂ ಆಗಲ್ಲ.'
'ಏನೂ?'
'ಏನೂ.'
'ಪಾಪ' ಎಂದು, ಕೊಡೆ ಬಿಚ್ಚಿದರು.