ಜೇಬಿನ ಮೇಲಿನ ಹೆಸರು

ಅಂಗಿ ನನ್ನದಲ್ಲ.
ನನಗಿಂತ ಮುಂಚೆ ಕಾವಲಿದ್ದವನದು. ಭುಜ ಜಾರುತ್ತದೆ.
ಎಡಜೇಬಿನ ಮೇಲೆ ಕೆಂಪು ದಾರದಲ್ಲಿ
ಎನ್. ಕದಿರಿರೆಡ್ಡಿ ಎಂದು ಹೊಲಿದಿದೆ.
ಬಿಚ್ಚಿಸೋಣ ಅಂದರೆ ಮ್ಯಾನೇಜರು,
"ಬಟ್ಟೆ ಹರಿದೀತು, ಬಿಡಪ್ಪ,
ರಾತ್ರಿ ಹೊತ್ತು ಯಾರು ಓದ್ತಾರೆ" ಅಂದರು.

ಓದುತ್ತಾರೆ.
ಬೆಂಕಿಯ ಸುತ್ತ ಕೂತವರು ಮೊದಲು ಓದುವುದೇ ಅದನ್ನು.
"ರೆಡ್ಡಿಯವರೇ, ಸೌದೆ ಸಾಲದು."
"ರೆಡ್ಡಿಯವರೇ, ಇಲ್ಲಿ ಚಿರತೆ ಬರುತ್ತಾ?"
ಬಂದರೆ ನನ್ನ ಕೇಳಿಯೇ ಬರೋದು ಅನ್ನುತ್ತೇನೆ.
ನಗುತ್ತಾರೆ, ನಕ್ಕು ಕತ್ತಲ ಕಡೆ ನೋಡುತ್ತಾರೆ.
ಹೆದರಿಕೆಯೂ ಇರಬೇಕು, ಉಪ್ಪಿನಕಾಯಿಯಷ್ಟು;
ಅದಕ್ಕೂ ಸೇರಿಸಿಯೇ ದುಡ್ಡು ಕಟ್ಟಿರುವುದು.

ಊರಲ್ಲಿ ಆ ಹೆಸರಿನವರ ಜಗಲಿಗೆ
ನಾನು ಬೆನ್ನು ಕೊಟ್ಟು ಕೂತವನಲ್ಲ.
ಅಪ್ಪನಿಗೆ ಕಾಫಿ ಚಿಪ್ಪಿನಲ್ಲಿ ಬಂತು,
ನನಗೆ ಕಾಗದದ ಲೋಟದಲ್ಲಿ.
ನನ್ನವಳು ಗಂಗುಲಮ್ಮ ಬುತ್ತಿ ಕಟ್ಟುತ್ತ ನಗುತ್ತಾಳೆ:
"ರಾತ್ರಂತಾ ರೆಡ್ಡಿ, ತೆಲ್ಲಾರ್ತೆ ಪಿಳ್ಳಪ್ಪ."

ಹದಿನಾಲ್ಕು ಡೇರೆ. ಒಂದು ಬೋರು.
ಹತ್ತಕ್ಕೆ ಆರಿಸಬೇಕಾದ ಜನರೇಟರು.
ಹತ್ತರ ಮೇಲೆ ಹಾಡು ಹಾಕಬಾರದೆಂದು ಬೋರ್ಡಿದೆ;
ಬೋರ್ಡಿಗೆ ಬಾಯಿಲ್ಲ, ನನಗೂ ಅಷ್ಟಕ್ಕಷ್ಟೆ.
ಕೊರಳಲ್ಲಿ ಪೀಪಿ, ಕೈಯಲ್ಲಿ ಬಿದಿರು,
ಹಿಂದೆ ಕುಂಟುತ್ತ ನಾಯಿ, ಅದರ ಹೆಸರು ಮೇಸ್ತ್ರಿ.
ಗಂಟೆಗೊಂದು ಸುತ್ತು, ಸುತ್ತಿಗೊಂದು ಸಾಲು:
೧೧.೦೦ ಎಲ್ಲ ಸರಿ.
೧೨.೦೦ ಎಲ್ಲ ಸರಿ.

ಈ ಬಂಡೆ ನನಗೆ ಹಳೆಯ ಪರಿಚಯ.
ಗುಡಿಬಂಡೆಗೆ ಚಪ್ಪಡಿ ಇಲ್ಲಿಂದಲೇ ಹೋಗುತ್ತಿತ್ತು.
ಬಂಡೆಯ ಮೇಲೆ ಬೆಂಕಿ ಹಾಕಿ, ಮೆಲ್ಲಗೆ ಮುಂದಕ್ಕೆ ಸರಿಸಿ,
ಮೇಲಿನ ಪದರ ಕಾದು ಬಿಡಲೆಂದು ಕಾಯುತ್ತಿದ್ದೆವು.
ಅಪ್ಪ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಡುತ್ತಿದ್ದ:
ಟಣ್ ಅಂದರೆ ಇನ್ನೂ ಹಿಡಿದಿದೆ,
ಡಬ್ ಅಂದರೆ ಒಳಗೇ ಬಿಟ್ಟುಕೊಂಡಿದೆ.
ಈಗ ಅದೇ ಜಾಗದಲ್ಲಿ ಬೆಂಕಿ ಹಾಕಿ ಕೋಳಿ ಸುಡುತ್ತಾರೆ.
ಅವರು ಗಿಟಾರು ಕೇಳುತ್ತಾರೆ.
ನಾನು ಬೆಂಕಿಯ ಕೆಳಗೆ ಕೇಳುತ್ತೇನೆ.

ಎರಡೂವರೆಗೆ ಒಂಬತ್ತನೇ ಡೇರೆಯ ಜಿಪ್ಪು ಸರ್ರೆಂದಿತು.
ಹೆಂಗಸು. ಬರಿಗಾಲು, ಹೆಗಲಿಗೆ ನಮ್ಮದೇ ಕಂಬಳಿ.
ಕೆರೆಗೆ ಇಳಿಯುವ ಬಂಡೆಯ ತುದಿಗೆ ನಡೆದು ಕೂತಳು.
ಟಾರ್ಚು ಅವಳ ಮೇಲೆ ಬಿಟ್ಟರೆ ತಪ್ಪು,
ಆರಿಸಿದರೆ ಇನ್ನೂ ತಪ್ಪು.
ನನ್ನ ಪಾದದ ಮೇಲೇ ಬಿಟ್ಟುಕೊಂಡೆ,
ಇಲ್ಲೊಬ್ಬ ಮನುಷ್ಯ, ಇಷ್ಟು ದೂರದಲ್ಲಿ, ಎಂದು ಕಾಣಲಿ.
ಒಮ್ಮೆ ಕೆಮ್ಮಿದೆ.
ತಿರುಗದೆಯೇ ಕೇಳಿದಳು,
"ಬೆಳಗಾಗೋಕೆ ಎಷ್ಟು ಹೊತ್ತು, ರೆಡ್ಡಿಯವರೇ?"
ಮೂರು ಗಂಟೆ ಮೇಲಾಗುತ್ತೆ ತಾಯಿ ಅಂದೆ.
"ಅಷ್ಟೊಂದಾ."

ಡಬ್.

ಏನು ಹೇಳಲಿ? ಸಂಬಳದಲ್ಲಿ ಮಾತು ಸೇರಿಲ್ಲ.
ಮೇಸ್ತ್ರಿ ಹೋಗಿ ಪಕ್ಕದಲ್ಲಿ ಮಲಗಿತು, ಬೆನ್ನು ತಾಗುವ ಹಾಗೆ.
ಕೆರೆಯಾಚೆ ಲಾರಿಯೊಂದು ಬಾಗೇಪಲ್ಲಿ ಕಡೆ ಹೋಯಿತು,
ಅದರ ದೀಪ ನೀರಿನಲ್ಲಿ ಬಹಳ ಹೊತ್ತು ಇತ್ತು,
ಲಾರಿಗಿಂತ ಹೆಚ್ಚು ಹೊತ್ತು ಅನ್ನಿಸಿತು.
ನನ್ನ ಕಾಲು ಜೋಮು ಹಿಡಿಯಿತು. ಕದಲಲಿಲ್ಲ.
ಮೂರರ ಸುತ್ತು ಅವತ್ತು ಸುತ್ತಲಿಲ್ಲ.

೩.೦೦ ಎಂದು ಬರೆದು ಪೆನ್ನು ಹಿಡಿದೇ ಇದ್ದೆ.
ಎಲ್ಲ ಸರಿ ಎಂದು ಕೈ ಬರಲಿಲ್ಲ.
ಗಾಳಿ ಇದೆ, ಎಂದು ಬರೆದೆ.
ನಾಲ್ಕಕ್ಕೆ ಅವಳೆದ್ದು ಒಳಗೆ ಹೋದಳು.
ಕಂಬಳಿಯ ಜಾಗದಲ್ಲಿ ಬಂಡೆ ಒದ್ದೆಯಿರಲಿಲ್ಲ.
ಒಣ ಕಲ್ಲು, ಮುಟ್ಟಿದರೆ ಇಷ್ಟೇ ಇಷ್ಟು ಬಿಸಿ.

ಆರಕ್ಕೆ ರಿಜಿಸ್ಟರು ಒಪ್ಪಿಸಿದೆ, ಕೆಳಗೆ ರುಜು:
ಚಿಕ್ಕಪಿಳ್ಳಪ್ಪ. ಮ್ಯಾನೇಜರು ಸಾಲು ಓದುವುದಿಲ್ಲ,
ಸಾಲುಗಳನ್ನು ಎಣಿಸುತ್ತಾರೆ. ಸರಿಯಿತ್ತು.

ಎಂಟಕ್ಕೆ ಅವರ ಕಾರು ಗೇಟಿಗೆ ಬಂತು.
ಓಡಿಸುವವನು ಏನೋ ಹೇಳಿ ನಗುತ್ತಿದ್ದ.
ಅವಳು ಗಾಜಿಳಿಸಿ, ಜೇಬು ನೋಡದೆ, ಮುಖ ನೋಡಿ,
"ಬರ್ತೀನಿ" ಅಂದಳು. ಹೆಸರು ಹಿಡಿಯಲಿಲ್ಲ.
ಕೈ ಎತ್ತಿದೆ.
ದೊಗಲೆ ತೋಳು ಮೊಣಕೈವರೆಗೂ ಜಾರಿತು,
ಅಲ್ಲಿಂದ ಈಚೆಗೆ ನನ್ನದೇ ಕೈ,
ಉಳಿಯೇಟಿನ ಹಳೆಯ ಗುರುತಿನ ಸಮೇತ.