ಷರಾ

ವರ್ಷಕ್ಕೆರಡು ಸಲ ಜಿನೀವಾದಿಂದ ನಮೂನೆ ಬರುತ್ತದೆ.
ನೂರ ಅರವತ್ತು ಸಾಲು. ಬಿಳಿ ಬ್ರೆಡ್ಡು ಒಂದು ಕಿಲೋ,
ಟೊಮೇಟೊ ಮಧ್ಯಮ ದರ್ಜೆ,
ಗಂಡಸರ ಕ್ಷೌರ, ತಲೆ ತೊಳೆಯುವುದೂ ಸೇರಿ.
ಕೊನೆಗೊಂದು ಕಿರುಬೆರಳಗಲದ ಕಾಲಂ: ಷರಾ.
ತ್ಬಿಲಿಸಿಯ ಬೆಲೆ ಬರೆಯುವವಳು ನಾನು.
ಯಾವಯಾವುದೋ ಊರುಗಳಲ್ಲಿ ನನ್ನಂಥವರು
ಇದೇ ವಾರ ಇದೇ ಟೊಮೇಟೊ ಹಿಸುಕಿ ನೋಡುತ್ತಿರಬೇಕು,
ಅಂಗಡಿಯವರಿಂದ ಬೈಸಿಕೊಳ್ಳುತ್ತ.

ಬಜಾರಿನ ಜೂಜುನಾಳದು ಮೂರು ಬೆಲೆ.
ಪ್ರವಾಸಿಗೆ ಆರು ಲರಿ, ನನಗೆ ನಾಲ್ಕು,
ಮೆಟ್ರೋ ಬಾಗಿಲಲ್ಲಿ ಹೂ ಮಾರುವ ಮುದುಕನಿಗೆ
"ಹೇಗೂ ಕೊಳೆಯುತ್ತವೆ, ಒಯ್ಯಿ" ಎಂಬ ಸುಳ್ಳು.
ಸರಾಸರಿ ತೆಗೆಯುವಾಗ ಆ ಸುಳ್ಳನ್ನೂ ಕೂಡಬೇಕಲ್ಲವೆ?
ನಾಲ್ಕು ಎಂದು ಬರೆದೆ.

ಸುರೇನನ ಕ್ಷೌರದಂಗಡಿಯಲ್ಲಿ ನೀರಿಲ್ಲ.
"ಗಾಳಿ ಇದೆ," ಅಂದ, ಕಿಟಕಿ ತೆಗೆದು.
ಗಾಳಿಗೂ ಒಂದು ಸಾಲಿದೆ, ಅದರಲ್ಲಿರುವ ಧೂಳಿಗೆ.

ಈ ಲೆಕ್ಕ ಯಾರಿಗೆ ಎಂದು ತಿಳಿದದ್ದು ತಡವಾಗಿ.
ಕಂಪನಿಗಳು ತಮ್ಮ ಸಾಹೇಬರನ್ನು ಇಲ್ಲಿಗೆ ಕಳಿಸುವಾಗ
ನಮ್ಮೂರಲ್ಲಿ ಬದುಕುವ ಕಷ್ಟಕ್ಕೆಂದು
ಸಂಬಳದ ಮೇಲೊಂದಿಷ್ಟು ಭತ್ಯೆ ಕೊಡುತ್ತವಂತೆ.
ನಾನು ಅಂಕ ಇಳಿಸಿದಷ್ಟೂ ಅವರದು ಏರುತ್ತದೆ.
ಇಲ್ಲೇ ಹುಟ್ಟಿದವರ ಬಗ್ಗೆ ನಿಯಮಾವಳಿ ಏನೂ ಹೇಳುವುದಿಲ್ಲ.

ಇಟಲಿಯ ಬಾರಿಯಲ್ಲಿ ನನ್ನ ಅಕ್ಕ ಎತೇರಿ
ತೊಂಬತ್ತು ದಾಟಿದ ಹೆಂಗಸೊಬ್ಬಳಿಗೆ ಉಣಿಸಿ, ಒರೆಸಿ, ಮಲಗಿಸಿ
ಹನ್ನೊಂದು ವರ್ಷವಾಯಿತು.
ರಾತ್ರಿ ಫೋನಿನಲ್ಲಿ ಇಬ್ಬರೂ ಊರುಗಳನ್ನು ತೂಗುತ್ತೇವೆ.
"ಇಲ್ಲಿ ಆಸ್ಪತ್ರೆಯವರು ಮೊದಲು ಹೆಸರು ಕೇಳುತ್ತಾರೆ."
"ಇಲ್ಲಿ ಮೊದಲು ದುಡ್ಡು."
"ಸಮುದ್ರ ಇದೆ."
"ನೋಡುತ್ತೀಯಾ?"
"ಗುರುವಾರ ಮಧ್ಯಾಹ್ನ."
ಅವಳು ಕಳಿಸಿದ ದುಡ್ಡಿನದೊಂದು ಹಲ್ಲು ನನ್ನ ಬಾಯಲ್ಲಿದೆ.
ಹೊಟ್ಟೆಕಿಚ್ಚನ್ನು ಆ ಹಲ್ಲಿನಿಂದಲೇ ಅಗಿಯುತ್ತೇನೆ.

ಹೋದ ತಿಂಗಳ ಪಟ್ಟಿಯಲ್ಲಿ ನಮ್ಮೂರು ಒಂಬತ್ತು ಸ್ಥಾನ ಇಳಿಯಿತು.
ಇಳಿದರೇನು, ನಮ್ಮ ಕಟ್ಟಡದ ಲಿಫ್ಟೂ ಹಾಗೆಯೇ:
ಏರಬೇಕಾದರೆ ಡಬ್ಬಿಗೆ ಇಪ್ಪತ್ತು ತೆತ್ರಿ ಹಾಕಬೇಕು,
ಇಳಿಯುವುದು ಬಿಟ್ಟಿ.

ಆ ಸಂಜೆ ಅದು ಐದಕ್ಕೂ ಆರಕ್ಕೂ ನಡುವೆ ನಿಂತುಬಿಟ್ಟಿತು.
ಒಳಗೆ ನಾನು, ನಮೂನೆಯ ಚೀಲ,
ಮತ್ತೆ ಪೆರ್ಮ್ ಕಡೆಯ ಹುಡುಗ ಯೆಫೀಮ್.
ಅವನು ತೆರುವ ಬಾಡಿಗೆಯ ದೆಸೆಯಿಂದ
ಒಂಬತ್ತನೆಯ ಮಹಡಿಯ ಲಾಮಾರಾ ಊರಾಚೆ ಹೋದಳು.
ಸಾಲು ಎಪ್ಪತ್ತೆರಡು: ಎರಡು ಕೋಣೆಯ ಮನೆ.
ಆ ಅಂಕಿ ಬರೆದದ್ದೂ ಇದೇ ಕೈ.

ಕತ್ತಲಲ್ಲಿ ಮಾತಿಗೆ ಮಾತು ಬೇಕಲ್ಲ.
ಕೇಳಿದೆ: "ಎಷ್ಟು ಊರು ನೋಡಿದೆ? ಯಾವುದು ಒಳ್ಳೆಯದು?"
ಮೂರು ವರ್ಷದಲ್ಲಿ ನಾಲ್ಕು, ಅಂದ. ಬೆರಳು ಮಡಿಸಿದ.
ಯೆರೆವಾನಿನ ಆಪ್ರಿಕಾಟ್, ಇಸ್ತಾಂಬುಲಿನ ದೋಣಿ, ಇಲ್ಲಿನ ನಾಯಿಗಳು,
ಕಿವಿಗೆ ಬಿಲ್ಲೆ ಚುಚ್ಚಿಸಿಕೊಂಡು ಹಾದಿ ನಡುವೆ ನಿದ್ದೆ ಹೊಡೆಯುವವು.
ಆಮೇಲೆ ಸಣ್ಣ ದನಿಯಲ್ಲಿ,
"ಕಾಗದ ಹಿಡಿದು ಯಾರೂ ಬಾಗಿಲು ಬಡಿಯದ ಊರು,
ಅಷ್ಟಾದರೆ ಸಾಕು."

ಆಗಲೇ ಬಾಗಿಲು ಬಡಿದರು.
ಅವನ ಮುಖ ನನಗೆ ಕಾಣಲಿಲ್ಲ, ಉಸಿರು ಕೇಳಿಸಿತು.
"ಬದುಕಿದ್ದೀರಾ?" ಎಂದು ಓತಾರ್, ಕಬ್ಬಿಣದ ಸಲಾಕೆ ಸಮೇತ.
ಹಿಂದೆ ಮೆಟ್ಟಿಲ ತುಂಬ ಜನ, ಆರು ಸಲಹೆ, ಒಂದು ಜಗಳ,
ಯಾರದೋ ಮಗುವಿಗೆ ಬಾಗಿಲ ಸಂದಿಯಿಂದ ನಮ್ಮನ್ನು ನೋಡುವ ಆಸೆ.
ನಲವತ್ತು ನಿಮಿಷ.
ಇದನ್ನೇ ಬದುಕಿನ ಸೊಗಸು ಅನ್ನುವವರನ್ನು
ಒಂದು ಸಲ ಆ ಡಬ್ಬಿಯೊಳಗೆ ನಿಲ್ಲಿಸಬೇಕು,
ಮಂಡಿ ನೋವಿದ್ದರೆ ಇನ್ನೂ ಒಳ್ಳೆಯದು.

ಮೂಲಸೌಕರ್ಯ: ಹತ್ತಕ್ಕೆ ಮೂರು.
ಷರಾದಲ್ಲಿ "ನೆರೆಯವರು" ಎಂದು ಬರೆದೆ.
ಗುಣವೋ ದೋಷವೋ ಸ್ಪಷ್ಟಪಡಿಸಿ, ಎಂದು ಉತ್ತರ ಬಂತು.
ಅಳಿಸಿ ಕಳಿಸಿದೆ.

ಮಾರನೆಯ ದಿನ ಲಿಫ್ಟು ಮತ್ತೆ ಹೊರಟಿತ್ತು.
ಡಬ್ಬಿಯ ಮೇಲೆ, ಚಿಲ್ಲರೆ ಇಲ್ಲದವರಿಗೆಂದು,
ಯಾರೋ ಇಪ್ಪತ್ತು ತೆತ್ರಿ ಇಟ್ಟುಹೋಗಿದ್ದರು.
ಆಚೆ ಈಚೆ ನೋಡಿ, ಅದನ್ನೇ ಹಾಕಿ ಏರಿದೆ.
ನನ್ನ ಬಳಿ ಚಿಲ್ಲರೆ ಇತ್ತು.