ಕುಲಾವಿ

ಪಣಜಿಯಲ್ಲಿ ಒಂದು ದಿನದ ತರಬೇತಿ.
ಏಸಿಯ ಥಂಡಿಗೆ ಸೆರಗನ್ನೇ ಹೊದ್ದು ಕೂತೆ.
ಗೋಡೆಯ ಬೆಳಕಿನ ಚೌಕದಲ್ಲಿ
ಬಾಣಗಳೆಲ್ಲ ಮೇಲಕ್ಕೇ ಹೋಗುತ್ತಿದ್ದವು.
ನನ್ನ ಕಿರಿಯ ತಮ್ಮನ ವಯಸ್ಸಿನ ತರಬೇತುದಾರರು ಹೇಳಿದರು:
ನಿಮ್ಮ ಮಕ್ಕಳು ಮುಂದೆ ಮಾಡುವ ಕೆಲಸಗಳಲ್ಲಿ
ಅರ್ಧಕ್ಕರ್ಧ ಇನ್ನೂ ಹುಟ್ಟಿಯೇ ಇಲ್ಲ,
ಈಗಿನಿಂದಲೇ ತಯಾರು ಮಾಡಿ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ:
ಕೂಸು ಹುಟ್ಟುವ ಮೊದಲೇ ಕುಲಾವಿ.
ಪಕ್ಕದಲ್ಲಿದ್ದ ಮರಾಠಿ ಶಾಲೆಯ ಬಾಯಿ
ಇಣುಕಿ, ಏನದು ಎಂದರು.
ಟೋಪಿ ಎಂದೆ.

ಜುವಾರಿನಗರದ ನನ್ನ ಮೂರನೆಯ ತರಗತಿ:
ಮೂವತ್ತೊಂದು ತಲೆ,
ಯಲಬುರ್ಗಾದವು, ಇಂಡಿಯವು, ರೋಣದವು.
ಮೊದಲೆಲ್ಲ ಮಾಡಿನ ಮೇಲೆ ವಿಮಾನ ಹಾದಾಗ
ಪಾಠ ನಿಲ್ಲುತ್ತಿತ್ತು.
ಏಳೇಳ್ಲೆ ಎಂದು ತಡೆದು,
ಸದ್ದು ಕಡಲಿಗಿಳಿದ ಮೇಲೆ
ನಲವತ್ತೊಂಬತ್ತು.
ಉತ್ತರದ ಕಡೆ ಇನ್ನೊಂದು ನಿಲ್ದಾಣ ಆಯಿತು,
ವಿಮಾನ ಕಡಿಮೆಯಾದವು.
ನಾನು ಮಾತ್ರ ಏಳೇಳ್ಲೆ ಬಂದರೆ ಈಗಲೂ ನಿಲ್ಲುತ್ತೇನೆ.
ಮಕ್ಕಳು ಸುಮ್ಮನೆ ಮಾಡು ನೋಡುತ್ತಾರೆ.

ತರಬೇತಿಯ ಮರುದಿನ ಕೇಳಿದೆ:
ನೀವು ದೊಡ್ಡವರಾದಾಗ ಏನೇನು ಇರಲಿಕ್ಕಿಲ್ಲ?
ಚಿಲ್ಲರೆ ರೊಕ್ಕ, ಅಂದ ಯಮನೂರ.
ಅವನಪ್ಪನ ಭೇಳ್‌ಪುರಿ ಗಾಡಿಯಲ್ಲಿ
ರೊಕ್ಕ ಬಂತೆಂದು ಪೆಟ್ಟಿಗೆಯೇ ಕೂಗುತ್ತದೆ.
ನಮ್ಮ ಮನಿ, ಅಂದಳು ಹುಲಿಗೆಮ್ಮ.
ಯಾರೂ ನಗಲಿಲ್ಲ. ಅವರ ಓಣಿಯ ಗೋಡೆಗಳಿಗೆ
ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ.
ದಾವಲಬಿ ಎದ್ದು ನಿಂತು,
ಟೀಚರ್, ನೀವು ಅಂದಳು.
ತರಗತಿ ಗಪ್‌ಚಿಪ್.
ಬೆರಳಲ್ಲಿ ಎಣಿಸಿ ನೋಡಿದೆ,
ಹುಡುಗಿಯ ಲೆಕ್ಕ ಸರಿಯಾಗಿತ್ತು.

ಹೊಂದಿಕೊಳ್ಳುವ ಗುಣ ಬೆಳೆಸಿ ಎಂದಿದ್ದರು ಅಲ್ಲಿ.
ಯಮನೂರನಿಗೆ ಎಂಟು ವರ್ಷ.
ಮನೆಯಲ್ಲಿ ಕನ್ನಡ, ಗಾಡಿಯ ಹತ್ತಿರ ಹಿಂದಿ,
ಮೀನಿನವಳೊಡನೆ ಚೌಕಾಸಿ ಕೊಂಕಣಿಯಲ್ಲಿ.
ದವಾಖಾನೆಯಲ್ಲಿ ಅವ್ವನ ಹೊಟ್ಟೆನೋವನ್ನು
ತಾನೇ ಮುಖ ಕಿವುಚಿ
ಡಾಕ್ಟರರ ಭಾಷೆಯಲ್ಲಿ ನೋಯಿಸಿ ತೋರಿಸುತ್ತಾನೆ.
ಅವನಿಗೆ ಹೊಂದಿಕೊಳ್ಳುವುದನ್ನು
ಯಾವ ಪುಟ ತೆಗೆದು ಕಲಿಸಲಿ?
ಬಾರದ್ದು ಒಂದೇ:
ಕಳೆಯುವಾಗ ಹತ್ತರ ಮನೆಯಿಂದ ಕಡ ತರುವುದು.
ಯಾಕ ಕೊಡ್ತಾರ್ರೀ ಅವರು? ಎನ್ನುತ್ತಾನೆ,
ನಾವು ತಿರುಗಿ ಕೊಡೂದs ಇಲ್ಲಲ್ಲ.

ಇಪ್ಪತ್ತಾರು ವರ್ಷ ಕಡ ತರಿಸಿದ್ದೇನೆ,
ಈ ಪ್ರಶ್ನೆ ನನಗೆ ಬಂದಿರಲಿಲ್ಲ.

ಸಂಜೆ ದಾವಲಬಿಯ ಅವ್ವ
ಹೊಲಿದ ಸಮವಸ್ತ್ರ ತೋರಿಸಲು ಬಂದಳು.
ಲಂಗದ ಅಂಚು ಮಗುಚಿ,
ನಾಕ್ ಬೆರಳ ಅರಿವಿ ಒಳಗ ಮಡಚೇನ್ರಿ, ಅಂದಳು,
ಎತ್ತರ ಆಗ್ತಾಳೋ ದಪ್ಪ ಆಗ್ತಾಳೋ
ನನಗೇನ ಗೊತ್ತು?
ಬಿಚ್ಚಿದರ ಆತು.

ಆಮೇಲೆ ನಾಲ್ಕನೆಯ ತರಗತಿಯ ಸಾಲಿನಲ್ಲಿ ನೋಡಿದೆ.
ಎಷ್ಟೊಂದು ಲಂಗಗಳ ಕೆಳಗೆ
ಬಿಸಿಲು ಕಾಣದ ಒಂದು ಪಟ್ಟಿ,
ಮೇಲಿನದು ಮಾಸಿದ್ದರೂ
ಕಡುನೀಲಿ,
ಹೊಲಿಗೆಯ ತೂತು ಇನ್ನೂ ಕಾಣುವಂತೆ.
ದಿನಾ ಪ್ರಾರ್ಥನೆಗೆ ಅವರೆದುರೇ ನಿಲ್ಲುತ್ತಿದ್ದೆ.

ಶುಕ್ರವಾರ ಅರವತ್ತೆರಡರಲ್ಲಿ ಇಪ್ಪತ್ತೇಳು ಬರೆದು
ಸೀಮೆಸುಣ್ಣ ಕೆಳಗಿಟ್ಟೆ.
ಯಮನೂರ ಮತ್ತೆ, ಯಾಕ ಕೊಡ್ತಾರ?
ಮಗ್ಗುಲಾಗs ಅದಾರಲ್ಲ, ಕೊಡ್ತಾರ, ಅಂದಳು ಹುಲಿಗೆಮ್ಮ.
ಅವರಿಗೆ ಕಡಿಮಿ ಬಿದ್ದರ?
ಅವರ ಮಗ್ಗುಲಾಗ ನೂರ ಐತಿ.
ನೂರಕ್ಕ?
ವಾದ ಸಾವಿರದ ತನಕ ಹೋಯಿತು.
ಗಂಟೆ ಹೊಡೆಯಿತು,
ಲೆಕ್ಕ ಹಲಗೆಯ ಮೇಲೇ ಉಳಿಯಿತು.

ತರಬೇತಿಯಿಂದ ಒಂದು ನಮೂನೆ ಬಂದಿದೆ:
ನಿಮ್ಮ ಬೋಧನೆಯಲ್ಲಿ ಆದ ಬದಲಾವಣೆ.
ಕೊಟ್ಟ ಜಾಗ ಎರಡೇ ಗೆರೆ.
ನಾಲ್ಕು ಬೆರಳು ಬಿಟ್ಟಿದ್ದೇನೆ, ಎಂದು ಬರೆದೆ,
ಹೊಡೆದು ಹಾಕಿದೆ.
ವ್ಯವಕಲನ, ಇನ್ನೂ ನಡೆದಿದೆ
ಎಂದು ಬರೆದು ಸಹಿ ಮಾಡಿದೆ.